ಸೋಲಾರ್ ಬಿಸಿನೀರು: ಟ್ಯೂಬು ಬದಲಿಸುವ ಮುಂಚೆ ಪೈಪು ನೋಡಿ

ಸಂಪಾದಕರೇ,

ಪುಣೆಯ ಕೋಥ್ರೂಡ್, ವಾರ್ಜೆ, ಕಾತ್ರಜ್ ಕಡೆಯ ಎಷ್ಟೋ ಸೊಸೈಟಿಗಳಲ್ಲಿ ತಾರಸಿ ತುಂಬ ಸೋಲಾರ್ ಟ್ಯೂಬುಗಳು. ಕೆಳಗೆ ಬಾತ್‌ರೂಮಿಗೊಂದು ಗೀಸರ್. ಎರಡನೇ ಮಹಡಿಯವರು ಬೆಳಿಗ್ಗೆ ಬಿಸಿನೀರಿಲ್ಲ ಎಂದು ದೂರಿದ ಕೂಡಲೇ ಕಮಿಟಿ ಹೊಸ ಟ್ಯೂಬುಗಳಿಗೆ ಕೊಟೇಶನ್ ತರಿಸುತ್ತದೆ. ಈ ಕಮಿಟಿಗಳಲ್ಲಿ ನಮ್ಮ ಕನ್ನಡಿಗರೂ ಸಾಕಷ್ಟು ಮಂದಿ ಇದ್ದಾರೆ. ಚೆಕ್ಕಿಗೆ ಸಹಿ ಹಾಕುವ ಮುಂಚೆ ಅವರು ಒಮ್ಮೆ ಪೈಪಿನ ಲೆಕ್ಕ ಹಾಕಲಿ.

100 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 4 ಯೂನಿಟ್ ವಿದ್ಯುತ್ ಬೇಕು. ಪುಣೆಯ ಚಳಿಗಾಲದ ನಿಚ್ಚಳ ಬಿಸಿಲಿಗೆ ಇದು ದೊಡ್ಡ ಕೆಲಸವಲ್ಲ, 2 ಚದರ ಮೀಟರ್ ಪ್ಯಾನಲ್ ಸಾಕು. ತೊಂದರೆ ಆಮೇಲಿನದು. 20 ಮಿ.ಮೀ. ಒಳವ್ಯಾಸದ ಪೈಪಿನ ಪ್ರತಿ ಮೀಟರಿನಲ್ಲಿ 0.31 ಲೀಟರ್ ನೀರು ರಾತ್ರಿಯಿಡೀ ನಿಂತು ತಣ್ಣಗಾಗಿರುತ್ತದೆ, 25 ಮಿ.ಮೀ. ಆದರೆ ಅರ್ಧ ಲೀಟರ್. ಟ್ಯಾಂಕಿನಿಂದ ನಲ್ಲಿಗೆ 35 ಮೀಟರ್ ಇದ್ದರೆ, ಬಿಸಿನೀರು ಬರುವ ಮುಂಚೆ 11ರಿಂದ 17 ಲೀಟರ್ ಹರಿದುಹೋಗಬೇಕು. ಊರಿನ ಬಚ್ಚಲಲ್ಲಿ ಹಂಡೆಗೂ ಬಕೆಟ್ಟಿಗೂ ಒಂದು ಮಾರು ದೂರವಿತ್ತು, ಇಲ್ಲಿ ನಡುವೆ ಏಳೆಂಟು ಮಹಡಿ. ನೀರು ಉಳಿಸಲೆಂದು ನಲ್ಲಿಯ ಬಾಯಿಗೆ ನಿಮಿಷಕ್ಕೆ 3 ಲೀಟರ್ ಮಾತ್ರ ಬಿಡುವ ಏರೇಟರ್ ಜಾಲರಿ ಹಾಕಿಸಿದವರಂತೂ ನಾಲ್ಕರಿಂದ ಆರು ನಿಮಿಷ ಕಾಯಬೇಕು. ಯಾರು ಕಾಯುತ್ತಾರೆ? ಗೀಸರ್ ಸ್ವಿಚ್ ಒತ್ತುತ್ತಾರೆ. ಬೇಸಿಗೆಯಲ್ಲಿ ದುಡ್ಡು ಕೊಟ್ಟು ಟ್ಯಾಂಕರ್ ತರಿಸುವ ಸೊಸೈಟಿಯಲ್ಲೇ ದಿನಾ ಫ್ಲ್ಯಾಟಿಗೊಂದು ಬಕೆಟ್ ನೀರು ಮೋರಿ ಸೇರುತ್ತದೆ.

ಇದಕ್ಕೆ ಮದ್ದು ರಿಟರ್ನ್ ಲೈನ್. ಬಿಸಿನೀರಿನ ಇಳಿಪೈಪಿನ ತುದಿಯಿಂದ 15 ಅಥವಾ 20 ಮಿ.ಮೀ.ನ ಇನ್ನೊಂದು ಪೈಪನ್ನು ಟ್ಯಾಂಕಿಗೆ ಹಿಂದಕ್ಕೆ ಒಯ್ದು, ನಡುವೆ ಸಣ್ಣದೊಂದು ಸರ್ಕ್ಯುಲೇಶನ್ ಪಂಪ್ ಕೂರಿಸಬೇಕು. 40 ವ್ಯಾಟಿನ ಪಂಪ್ ಬೆಳಿಗ್ಗೆ ಮೂರು ಗಂಟೆ ಓಡಿದರೂ ಖರ್ಚು 0.12 ಯೂನಿಟ್. ಪಂಪಿನ ಒಡಲು ಕಂಚಿನದೋ ಸ್ಟೇನ್‌ಲೆಸ್ ಸ್ಟೀಲಿನದೋ ಇರಲಿ. ಬೀಡುಕಬ್ಬಿಣದ್ದು ತುಕ್ಕು ಹಿಡಿಯುತ್ತದೆ. ಟೈಮರ್ ಜೊತೆಗೆ, ರಿಟರ್ನ್ ಪೈಪು 40–45 ಡಿಗ್ರಿ ಮುಟ್ಟಿದಾಗ ಪಂಪ್ ನಿಲ್ಲಿಸುವ ಥರ್ಮೋಸ್ಟಾಟ್ ಬೇಕೇ ಬೇಕು. ಅದಿಲ್ಲದೆ ರಾತ್ರಿಯಿಡೀ ಪಂಪ್ ಓಡಿದರೆ ಹಗಲು ಗಳಿಸಿದ ಶಾಖವೆಲ್ಲ ಪೈಪಿನ ಮೈಯಿಂದ ಗಾಳಿಗೆ ಹೋಗುತ್ತದೆ. ರಿಟರ್ನ್ ನೀರನ್ನು ಟ್ಯಾಂಕಿನ ಮೇಲ್ಭಾಗಕ್ಕೆ ಬಿಡುವುದೂ ತಪ್ಪು. ಮೇಲೆ ನಿಂತ ಬಿಸಿನೀರು ಕಲಕಿ ಉಗುರುಬೆಚ್ಚಗಾಗುತ್ತದೆ. ತಾರಸಿಯ ಪೈಪಿಗೆ ಸುತ್ತಿದ ಕಪ್ಪು ರಬ್ಬರ್ ಫೋಮ್ ಬಿಸಿಲಿಗೆ ಎರಡು ಮೂರು ವರ್ಷದಲ್ಲಿ ಪುಡಿಯಾಗುವುದು ಸಾಮಾನ್ಯ, ಮೇಲೆ ಅಲ್ಯೂಮಿನಿಯಂ ಹೊದಿಕೆ ಇರಲಿ.

ರಿಟರ್ನ್ ಲೈನ್ ಹಾಕಿದ ಮೇಲೂ ನೀರು ಬೆಚ್ಚಗಷ್ಟೇ ಬಂದರೆ ಎಲ್ಲೋ ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗುತ್ತಿರುವ ಸಾಧ್ಯತೆ ಹೆಚ್ಚು. ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯ ಎರಡೂ ಪಿಡಿ ತೆರೆದಿಟ್ಟು ಹ್ಯಾಂಡ್ ಶವರಿನ ಗುಂಡಿಯಿಂದ ಮಾತ್ರ ನೀರು ನಿಲ್ಲಿಸುವ ಮನೆ ಒಂದಿದ್ದರೆ ಸಾಕು, ತಣ್ಣೀರು ಅದರ ಮೂಲಕವೇ ಬಿಸಿನೀರಿನ ಪೈಪಿಗೆ ದಾಟುತ್ತದೆ. ತಣ್ಣೀರಿಗೆ ಮಾತ್ರ ಪ್ರೆಶರ್ ಪಂಪ್ ಇರುವ ಕಟ್ಟಡದಲ್ಲಿ ಇದು ವಿಪರೀತ. ಕೆಲವೊಮ್ಮೆ ಸೋಲಾರ್ ಟ್ಯಾಂಕಿಗೆ ಗಾಳಿಯಾಡಲು ಬಿಟ್ಟ ವೆಂಟ್ ಪೈಪಿನಿಂದ ನೀರು ಸುರಿಯುತ್ತದೆ, ಅದನ್ನು ಕಂಡು ಯಾರೋ ಮಹಾಶಯರು ವೆಂಟಿಗೇ ಬಿರಡೆ ಜಡಿಯುತ್ತಾರೆ. ಹಾಗೆ ಮಾಡಿದರೆ ಆವಿ ಹೊರಹೋಗದೆ ಟ್ಯಾಂಕ್ ಒಡೆಯಬಹುದು, ಗಾಳಿ ಒಳಬಾರದೆ ನಜ್ಜುಗುಜ್ಜಾಗಲೂಬಹುದು.

ಪತ್ತೆ ಮಾಡಲು ಮಧ್ಯಾಹ್ನ, ಬಳಕೆ ಕಡಿಮೆಯಿರುವಾಗ, ಸೋಲಾರ್ ಟ್ಯಾಂಕಿನ ಬಿಸಿನೀರಿನ ವಾಲ್ವನ್ನೂ ರಿಟರ್ನ್ ಲೈನಿನ ವಾಲ್ವನ್ನೂ ಮುಚ್ಚಿ. ಗಾಳಿ ಒಳಬರಲು ಮೇಲ್ಮಹಡಿಯಲ್ಲಿ ಒಂದು ಬಿಸಿನೀರಿನ ನಲ್ಲಿ ತೆರೆದಿಟ್ಟು, ಕೆಳಮಹಡಿಯದನ್ನು ಪೂರ್ತಿ ಬಿಡಿ. ಪೈಪಿನಲ್ಲಿದ್ದದ್ದು ಖಾಲಿಯಾಗಿ ಧಾರೆ ಸೊರಗಿ ನಿಲ್ಲಬೇಕು. ಹತ್ತು ನಿಮಿಷವಾದರೂ ಸುರಿಯುತ್ತಿದ್ದರೆ ಒಂದೊಂದೇ ಫ್ಲ್ಯಾಟಿನ ಬಿಸಿನೀರಿನ ವಾಲ್ವ್ ಮುಚ್ಚುತ್ತ ಬನ್ನಿ. ಯಾವುದನ್ನು ಮುಚ್ಚಿದಾಗ ಧಾರೆ ನಿಲ್ಲುತ್ತದೋ ಅದೇ ಮನೆ. ಆಮೇಲೆ ಪ್ರತಿ ಫ್ಲ್ಯಾಟಿನ ಬಿಸಿನೀರಿನ ಪ್ರವೇಶಕ್ಕೂ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವ್ ಹಾಕಿಸಿ. ಟ್ಯೂಬು ಬದಲಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಬೋರ್‌ವೆಲ್ ನೀರಿನವರಿಗೆ ಎರಡೇ ಮಾತು. ಗಡಸು ನೀರು ಬಿಸಿಯಾದಷ್ಟೂ ಸುಣ್ಣ ಕಟ್ಟುವುದರಿಂದ, ಸಣ್ಣ ತಾಮ್ರದ ಕೊಳವೆಯ ಚಪ್ಪಟೆ ಪ್ಯಾನಲ್‌ಗಿಂತ ಗಾಜಿನ ಟ್ಯೂಬು ಬಾಳುತ್ತದೆ. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಶಿಯಂ ಆನೋಡ್ ಕಡ್ಡಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ಇನ್ನು ಎಲ್ಲರಿಗೂ ಒಂದು ಮಾತು: ನೀರಿನ ಪೂರೈಕೆ ನಿಂತು ಟ್ಯಾಂಕ್ ಖಾಲಿಯಾದ ದಿನ ಟ್ಯಾಂಕರ್ ಮಧ್ಯಾಹ್ನ ಬಂದರೂ ಸೋಲಾರಿಗೆ ನೀರು ಬಿಡಬೇಡಿ. ಕಾದ ಒಣ ಗಾಜಿಗೆ ತಣ್ಣೀರು ತಗುಲಿ ಟ್ಯೂಬು ಸೀಳುತ್ತದೆ. ಮರುದಿನ ನಸುಕಿನಲ್ಲಿ ತುಂಬಿಸಿ.

ಪುಣೆ ಮಹಾನಗರ ಪಾಲಿಕೆ ಸೋಲಾರ್, ಮಳೆನೀರು ಸಂಗ್ರಹ, ಎರೆಗೊಬ್ಬರ ಇವುಗಳಲ್ಲಿ ಒಂದಿದ್ದರೆ ಆಸ್ತಿ ತೆರಿಗೆಯಲ್ಲಿ ಶೇ. 5, ಒಂದಕ್ಕಿಂತ ಹೆಚ್ಚಿದ್ದರೆ ಶೇ. 10 ರಿಯಾಯಿತಿ ಕೊಡುತ್ತದೆ. ಒಳ್ಳೆಯದೇ. ಆದರೆ ತಾರಸಿಯಲ್ಲಿ ಟ್ಯೂಬು ಎಣಿಸಿದರೆ ಕೆಳಗಿನ ಕಥೆ ಗೊತ್ತಾಗದು. ತಪಾಸಣೆಗೆ ಬರುವವರು ಒಂದು ಥರ್ಮಾಮೀಟರ್, ಒಂದು ಬಕೆಟ್ ಹಿಡಿದು ಬೆಳಿಗ್ಗೆ ಆರೂವರೆಗೆ ಅತಿ ಕೆಳಗಿನ ಫ್ಲ್ಯಾಟಿನ ಬಾತ್‌ರೂಮಿಗೆ ಹೋಗಲಿ. 2 ಲೀಟರ್ ಹರಿಯುವುದರೊಳಗೆ 40 ಡಿಗ್ರಿ ಬಂದರೆ ರಿಯಾಯಿತಿ ಕೊಡಲಿ. ಬಾರದಿದ್ದರೆ ಪೈಪು ಸರಿಪಡಿಸಲು ಮೂರು ತಿಂಗಳ ಗಡುವು ಕೊಡಲಿ.

— ಒಬ್ಬ ಪ್ಲಂಬಿಂಗ್ ಎಂಜಿನಿಯರ್, ವಾರ್ಜೆ, ಪುಣೆ