ಷಟರ್ ಮತ್ತೆ ಎತ್ತಿದ ಹುಡುಗನಿಗೆ

ಮಗಳ ಸಿಇಟಿ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು-ಕೋರ್ಸುಗಳ ಆಯ್ಕೆ ತುಂಬಲು, ಮರುದಿನವೇ ಕೊನೆ. ಮನೆಯ ಕಂಪ್ಯೂಟರಿನ ಕ್ರೋಮ್‌ನಲ್ಲಿ ಏನು ಹುಡುಕಿದರೂ ಯಾವುದೋ ಜಾಹೀರಾತಿನ ಪುಟಕ್ಕೆ ಎಳೆದೊಯ್ಯುತ್ತಿತ್ತು. ಅವಳು ಅಳುವುದೊಂದೇ ಬಾಕಿ. ಮಳೆಯಲ್ಲೇ ಸಿಪಿಯು ಹೊತ್ತು ಇಬ್ಬರೂ ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಕಂಪ್ಯೂಟರ್ ಅಂಗಡಿ ಮುಟ್ಟಿದಾಗ ಷಟರ್ ಅರ್ಧ ಇಳಿದಿತ್ತು.

"ಬನ್ನಿ ಅಕ್ಕ" ಎಂದು ಮತ್ತೆ ಎತ್ತಿದ ಹುಡುಗ, ಮೊದಲು ಬಟ್ಟೆ ತಂದು ಸಿಪಿಯು ಒರೆಸಿದ. ಪಿಡಿಎಫ್ ಕನ್ವರ್ಟರ್ ಹೆಸರಲ್ಲಿ ಕ್ರೋಮ್‌ಗೆ ಸೇರಿಕೊಂಡಿದ್ದ ಎಕ್ಸ್‌ಟೆನ್ಷನ್ ತೆಗೆದ, ಅದರ ಜೊತೆ ಬಂದಿದ್ದ ಪ್ರೋಗ್ರಾಮನ್ನೂ ಅನ್‌ಇನ್‌ಸ್ಟಾಲ್ ಮಾಡಿದ. "ಈಗ ಕ್ರೋಮ್ ರಿಸೆಟ್ ಮಾಡೋಣ. ಬುಕ್‌ಮಾರ್ಕ್, ಪಾಸ್‌ವರ್ಡ್ ಏನೂ ಹೋಗಲ್ಲ, ಹೆದರಬೇಡಮ್ಮ" ಎಂದು ಮೌಸನ್ನು ಮಗಳ ಕೈಗೇ ಕೊಟ್ಟ. ಪುಟ ನೇರವಾಗಿ ತೆರೆದಾಗ ನನಗೆ ಹೋದ ಜೀವ ಬಂದಂತಾಯಿತು. ದುಡ್ಡು ಕೇಳಿದರೆ, "ಮೊದಲು ಸೀಟು ಸಿಗಲಿ ಅಕ್ಕ."

ಆಪ್ಷನ್‌ಗಳೆಲ್ಲ ಆ ರಾತ್ರಿಯೇ ಸೇವ್ ಆದವು, ತಮ್ಮ. ತುಂಬಾ ಥ್ಯಾಂಕ್ಸ್ ಕಣಪ್ಪ.