ಧಾರಾವಾಹಿ ಯಾವಾಗ ಮುಗಿಯುತ್ತದೆ ಅಂತ ಮೊದಲೇ ಹೇಳಿ

ಮಾನ್ಯ ಸಂಪಾದಕರೇ,

ಹೊಸ ಧಾರಾವಾಹಿ ಶುರುವಾಗುವ ಮುಂಚೆ ವಾರಗಟ್ಟಲೆ ಪ್ರೋಮೋ ಬರುತ್ತದೆ. ಊರೂರಲ್ಲಿ ಫ್ಲೆಕ್ಸ್ ಹಾಕುತ್ತಾರೆ, ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು ಕೊಡುತ್ತಾರೆ, ಕಲಾವಿದರನ್ನು ಜಾತ್ರೆಗೂ ಕರೆತರುತ್ತಾರೆ. ಅದೇ ಧಾರಾವಾಹಿ ನಿಲ್ಲುವಾಗ ಎಷ್ಟೋ ಸಲ ನೋಡುಗರಿಗೆ ಒಂದು ಮಾತೂ ಹೇಳುವುದಿಲ್ಲ. ವರ್ಷಗಟ್ಟಲೆ ಎಳೆದ ಕಥೆಯನ್ನು ನಾಲ್ಕೈದು ಕಂತಲ್ಲಿ ಗಡಿಬಿಡಿಯಿಂದ ಕಟ್ಟಿ ಮುಗಿಸುತ್ತಾರೆ. ಕೆಲವನ್ನು ಅಷ್ಟೂ ಮಾಡದೆ ನಿಲ್ಲಿಸಿಬಿಡುತ್ತಾರೆ. ಇದು ಸರಿಯಲ್ಲ ಅಂತ ಹೇಳುವುದಕ್ಕೇ ಈ ಪತ್ರ.

ಧಾರಾವಾಹಿ ನೋಡುವವರನ್ನು ಕೆಲಸವಿಲ್ಲದವರು ಅಂತ ಅಂದುಕೊಳ್ಳುವ ರೂಢಿ ನಮ್ಮಲ್ಲಿದೆ. ನಾನು ಒಪ್ಪುವುದಿಲ್ಲ. ದಿನವಿಡೀ ದುಡಿದು ಬಂದ ಹೆಂಗಸರು, ಮನೆಯಿಂದ ಹೊರಗೆ ಹೋಗಲಾಗದ ಹಿರಿಯರು, ಅಂಗಡಿ ಬಾಗಿಲು ಹಾಕಿ ಬಂದ ಗಂಡಸರು, ಎಲ್ಲರೂ ನೋಡುತ್ತಾರೆ. ಕಥೆ ಕೇಳುವ ಆಸೆ ಮನುಷ್ಯರಿಗೆ ಸಹಜ ಅಲ್ವಾ? ಆ ಆಸೆಯನ್ನು ನಂಬಿಯೇ ವಾಹಿನಿಗಳ ಸಂಜೆ ನಡೆಯುವುದು.

ದೂರದರ್ಶನದ ಕಾಲದಲ್ಲಿ ಕಥೆಗೆ ಒಂದು ಅಳತೆ ಇತ್ತು. ಹದಿಮೂರು ಕಂತು, ಇಪ್ಪತ್ತಾರು, ಐವತ್ತೆರಡು, ಹೀಗೆ ಒಪ್ಪಿಗೆ ಸಿಗುತ್ತಿತ್ತು. ರಮಾನಂದ ಸಾಗರ್ ಅವರ ರಾಮಾಯಣವನ್ನು ಮೊದಲು 52 ಕಂತು ಅಂದುಕೊಂಡಿದ್ದರು. ಜನ ಮುಗಿಬಿದ್ದು ನೋಡಿದ್ದರಿಂದ 78 ಆಯಿತು. 1987ರ ಜನವರಿಯಲ್ಲಿ ಶುರುವಾಗಿ ಮರುವರ್ಷ ಜುಲೈಗೆ ಮುಗಿಯಿತು. ದೇಶವೇ ನೋಡುತ್ತಿದ್ದ ಧಾರಾವಾಹಿಯನ್ನೂ ಒಂದೂವರೆ ವರ್ಷಕ್ಕೆ ನಿಲ್ಲಿಸುವ ಧೈರ್ಯ ಅವರಿಗಿತ್ತು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಗಿ ಶೂಟಿಂಗ್ ನಿಂತಾಗ ಏನಾಯಿತು ನೆನಪಿಸಿಕೊಳ್ಳಿ. ದಿನದಿನದ ಧಾರಾವಾಹಿಗಳ ಹೊಸ ಕಂತುಗಳು ಕೆಲವೇ ದಿನಗಳಲ್ಲಿ ಖಾಲಿಯಾದವು. ಆಗ ಮನೆಮಂದಿ ಕೂತು ನೋಡಿದ್ದು ಮೂವತ್ತಮೂರು ವರ್ಷ ಹಳೆಯ ಅದೇ ರಾಮಾಯಣವನ್ನು.

ಕನ್ನಡದ್ದೇ ಬೇಕೆಂದರೆ ಮಾಯಾಮೃಗ ಇದೆ. 1998ರಲ್ಲಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ದೂರದರ್ಶನಕ್ಕೆ ಮಾಡಿದ್ದು. ಮಧ್ಯಮ ವರ್ಗದ ಮನೆ, ನೌಕರಿ, ಮಕ್ಕಳ ಚಿಂತೆ. ವಿಷ ಹಾಕುವ ಅತ್ತಿಗೆ ಇಲ್ಲ, ಕಾಡಿನಲ್ಲಿ ಹುಲಿ ಎದುರಾಗುವ ಸೊಸೆ ಇಲ್ಲ. ಆದರೂ ಜನ ಬಿಟ್ಟೂಬಿಡದೆ ನೋಡಿದರು. ಇಪ್ಪತ್ತು ವರ್ಷ ಕಳೆದ ಮೇಲೂ ಆ ಕುಟುಂಬದ ಮುಂದಿನ ಕಥೆ ಅಂತ 2022ರಲ್ಲಿ 'ಮತ್ತೆ ಮಾಯಾಮೃಗ' ಮಾಡಲು ಸಾಧ್ಯವಾಯಿತು. ಸರಿಯಾಗಿ ಹೇಳಿದ ಕಥೆಯನ್ನು ನೋಡಿದವರು ಮರೆಯುವುದಿಲ್ಲ.

ಈಗಿನದ್ದನ್ನು ನೋಡಿ. ಮರಾಠಿಯಲ್ಲಿ 'ತುಲಾ ಪಾಹತೇ ರೇ' ಅಂತ ಒಂದು ಧಾರಾವಾಹಿ ಬಂತು. 2018ರ ಆಗಸ್ಟ್‌ನಲ್ಲಿ ಶುರುವಾಗಿ ಮರುವರ್ಷ ಜುಲೈಗೆ ಮುಗಿಯಿತು. ಒಂದು ವರ್ಷವೂ ತುಂಬಲಿಲ್ಲ. ಅದನ್ನೇ ಕನ್ನಡಕ್ಕೆ ತಂದದ್ದು 'ಜೊತೆ ಜೊತೆಯಲಿ'. 2019ರಲ್ಲಿ ಶುರುವಾಗಿ 2023ರವರೆಗೆ ನಡೆಯಿತು. ಮೊದಲ ದಿನಗಳಲ್ಲಿ ಎಷ್ಟು ಚೆನ್ನಾಗಿತ್ತು! ವಯಸ್ಸಿನ ಅಂತರದ ಪ್ರೀತಿಯನ್ನು ಅಷ್ಟು ಮರ್ಯಾದೆಯಿಂದ ತೋರಿಸಿದ್ದು ಅಪರೂಪ. ಆಮೇಲೆ ಕಥೆ ಎಲ್ಲೆಲ್ಲಿಗೋ ಹೋಯಿತು. 2022ರಲ್ಲಿ ನಾಯಕ ನಟರೇ ಬದಲಾದರು. ಹೊಸದಾಗಿ ಬಂದವರು ಒಳ್ಳೆಯ ನಟರೇ, ಅವರ ತಪ್ಪೇನೂ ಇಲ್ಲ. ಮರಾಠಿಯ ಹಾಗೆ ಒಂದು ವರ್ಷಕ್ಕೆ ಮುಗಿಸಿದ್ದರೆ ಆ ಪರಿಸ್ಥಿತಿಯೇ ಬರುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

'ಪುಟ್ಟಗೌರಿ ಮದುವೆ'ಯ ಕಥೆಯೂ ಇದೇ. ಹಿಂದಿಯ 'ಬಾಲಿಕಾ ವಧು'ವಿನಿಂದ ಬಂದದ್ದು. ಬಾಲ್ಯವಿವಾಹದಂಥ ಗಂಭೀರ ವಿಷಯದಿಂದ ಹೊರಟಿತು. ಪುಟ್ಟ ಹುಡುಗಿಯ ಕಷ್ಟ ನೋಡಿ ನಮ್ಮ ಬೀದಿಯ ಎಷ್ಟೋ ಅಮ್ಮಂದಿರು ಅತ್ತಿದ್ದಾರೆ. ಗೌರಿ ದೊಡ್ಡವಳಾದ ಮೇಲೆ ಆ ವಿಷಯ ಹಿಂದೆ ಸರಿಯಿತು, ಕಾಡು, ಹಾವು ಮುಂದೆ ಬಂದವು. ಕೊನೆಗೆ ಅದು ಜನ ಹಂಚಿಕೊಂಡು ನಗುವ ವಿಡಿಯೊ ಆಯಿತು. ಇಂಥ ಒಳ್ಳೆಯ ವಿಷಯಕ್ಕೆ ಹೀಗಾಗಬಾರದಿತ್ತು.

ಕಾರಣ ಗೊತ್ತಿರುವುದೇ. ಯಾವ ಧಾರಾವಾಹಿಯನ್ನು ಎಷ್ಟು ಜನ ನೋಡಿದರು ಅನ್ನುವ ಲೆಕ್ಕ, ಅಂದರೆ ಟಿಆರ್‌ಪಿ, ಪ್ರತಿ ಗುರುವಾರ ಬರುತ್ತದೆ. ಬಾರ್ಕ್ ಸಂಸ್ಥೆಯವರು ಕೆಲವು ಮನೆಗಳಲ್ಲಿ ಮೀಟರ್ ಕೂರಿಸಿ ಲೆಕ್ಕ ತೆಗೆಯುತ್ತಾರೆ. ಇಡೀ ದೇಶದಲ್ಲಿ ಅಂಥ ಮನೆ ಒಂದು ಲಕ್ಷವೂ ಇಲ್ಲ. ಆ ನಂಬರ್ ಮೇಲೆ ಜಾಹೀರಾತಿನ ದರ ನಿಲ್ಲುತ್ತದೆ. ನಂಬರ್ ಏರಿದರೆ ಕಥೆ ಮುಗಿಸಬೇಡಿ ಅನ್ನುತ್ತಾರೆ, ಇಳಿದರೆ ನಾಳೆಯೇ ಮುಗಿಸಿ ಅನ್ನುತ್ತಾರೆ. ಬರೆಯುವವರು ಏನು ಮಾಡಬೇಕು? ಎಲ್ಲಿಗೆ ಹೋಗಿ ಸೇರಬೇಕು ಅಂತ ಗೊತ್ತಿಲ್ಲದೆ ದಿನಕ್ಕೊಂದು ಕಂತು ಬರೆಯುವುದು ಎಷ್ಟು ಕಷ್ಟ! ಅದಕ್ಕೇ ಸತ್ತವರು ಎದ್ದು ಬರುತ್ತಾರೆ, ನೆನಪು ಹೋಗುತ್ತದೆ, ಮದುವೆ ತಾಳಿ ಕಟ್ಟುವ ಹೊತ್ತಿಗೆ ನಿಲ್ಲುತ್ತದೆ. ಎರಡು ಧಾರಾವಾಹಿ ಸೇರಿಸಿ ಮಹಾಸಂಗಮ ಅಂತ ಒಂದು ವಾರ ತಳ್ಳುತ್ತಾರೆ. ನಾನು ಬರಹಗಾರರನ್ನು ದೂರುವುದಿಲ್ಲ.

ಅರ್ಧಕ್ಕೆ ನಿಲ್ಲಿಸುವುದು ಇದಕ್ಕಿಂತ ಜಾಸ್ತಿ ನೋವು. ಸೀತಾರಾಮ್ ಅವರದೇ 'ಮಗಳು ಜಾನಕಿ' 2018ರಲ್ಲಿ ಶುರುವಾಯಿತು. ಓದಿದ, ಯೋಚನೆ ಮಾಡುವ ಹುಡುಗಿಯ ಕಥೆ. ಕೋರ್ಟಿನ ದೃಶ್ಯ ಬಂದರೆ ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. 2020ರಲ್ಲಿ ಕೊರೊನಾ ಬಂದು ಕಥೆ ಮುಗಿಯದೆಯೇ ನಿಂತುಹೋಯಿತು. ಅದು ಎಲ್ಲರಿಗೂ ಕಷ್ಟದ ಕಾಲ, ಒಪ್ಪುತ್ತೇನೆ. ಆದರೆ ಶೂಟಿಂಗ್‌ಗೆ ಮತ್ತೆ ಅನುಮತಿ ಸಿಕ್ಕಿದ ಮೇಲೆ ಹದಿನೈದು ಕಂತು ಕೊಟ್ಟಿದ್ದರೂ ಸಾಕಿತ್ತು. ಜಾನಕಿಗೆ ಏನಾಯಿತು ಅಂತ ತಿಳಿಯುವ ಹಕ್ಕು ಎರಡು ವರ್ಷ ನೋಡಿದವರಿಗೆ ಇರಲಿಲ್ಲವೇ?

ಸಮಯ ಬದಲಿಸುವುದೂ ಹೀಗೆಯೇ. ನಮ್ಮತ್ತೆಗೆ ಎಂಬತ್ತು ದಾಟಿದೆ. ಅವರ ಊಟ, ಮಾತ್ರೆ, ಮಲಗುವುದು ಎಲ್ಲಾ ಧಾರಾವಾಹಿಯ ಹೊತ್ತಿಗೆ ಹೊಂದಿಕೊಂಡಿದೆ. ಒಂದು ವಾಹಿನಿ ಅವರು ನೋಡುತ್ತಿದ್ದ ಧಾರಾವಾಹಿಯನ್ನು ರಿಯಾಲಿಟಿ ಶೋಗಾಗಿ ರಾತ್ರಿ ಹತ್ತರ ಮೇಲಕ್ಕೆ ತಳ್ಳಿತು. ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಓಡಿತು, ಅಷ್ಟೇ. ಅದು ಅವರ ಕಣ್ಣಿಗೆ ಕಾಣುವುದಿಲ್ಲ. ಕೆಲವು ದಿನ ರಿಮೋಟ್ ಹಿಡಿದು ಹುಡುಕಿದರು. ಆಮೇಲೆ ನೋಡುವುದನ್ನೇ ಬಿಟ್ಟರು. ಮೊಬೈಲ್ ಆ್ಯಪಿನಲ್ಲಿ ಸಿಗುತ್ತದಲ್ಲ ಅನ್ನುತ್ತಾರೆ. ಅತ್ತೆಗೆ ಆ್ಯಪ್ ಬರುವುದಿಲ್ಲ, ಅದಕ್ಕೆ ಬೇರೆ ದುಡ್ಡು. ಹೀಗೆ ಹೊತ್ತಲ್ಲದ ಹೊತ್ತಿಗೆ ಹೋದ ಧಾರಾವಾಹಿಯ ಟಿಆರ್‌ಪಿ ಬೀಳುತ್ತದೆ, ಆಮೇಲೆ ಜನ ನೋಡುತ್ತಿಲ್ಲ ಅಂತ ಅದನ್ನು ನಿಲ್ಲಿಸುತ್ತಾರೆ. ನೋಡುವವರಿದ್ದರು. ನೋಡುವ ಹೊತ್ತನ್ನು ಕಿತ್ತುಕೊಂಡವರು ವಾಹಿನಿಯವರು.

ಧಾರಾವಾಹಿ ಬೇಗ ಮುಗಿದರೆ ಕೆಲಸಗಾರರ ಗತಿ ಏನು ಅಂತ ಕೇಳಬಹುದು. ಲೈಟ್ ಹಿಡಿಯುವವರು, ಮೇಕಪ್ ಮಾಡುವವರು, ಊಟ ಬಡಿಸುವವರು ದಿನಗೂಲಿಯ ಮೇಲೆ ಬದುಕುತ್ತಾರೆ. ಅವರ ಅನ್ನದ ಪ್ರಶ್ನೆ ಸಣ್ಣದಲ್ಲ. ಆದರೆ ಇದ್ದಕ್ಕಿದ್ದಂತೆ ನಿಲ್ಲಿಸಿದಾಗ ಮೊದಲು ಬೀದಿಗೆ ಬೀಳುವವರೂ ಅವರೇ. ಮುನ್ನೂರು ಕಂತು ಅಂತ ಮೊದಲೇ ಗೊತ್ತಿದ್ದರೆ ಮುಂದಿನ ಕೆಲಸ ಹುಡುಕಲು ಸಮಯ ಸಿಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕಥೆ ಬಂದೇ ಬರುತ್ತದೆ, ಅದಕ್ಕೂ ಇದೇ ಕೆಲಸಗಾರರು ಬೇಕು.

ಹಾಗಾಗಿ ವಾಹಿನಿಯವರಲ್ಲಿ ಕೈಮುಗಿದು ಕೇಳುತ್ತೇನೆ. ಶುರು ಮಾಡುವಾಗಲೇ ಕಥೆ ಸುಮಾರು ಎಷ್ಟು ದಿನದ್ದು ಅಂತ ಹೇಳಿ. ನಿಲ್ಲಿಸಲೇಬೇಕಾದರೆ ಬರಹಗಾರರಿಗೆ ಕನಿಷ್ಠ ಒಂದು ತಿಂಗಳು ಕೊಡಿ, ಅವರು ಅದನ್ನು ಚೆನ್ನಾಗಿ ಮುಗಿಸುತ್ತಾರೆ. ಸಮಯ ಬದಲಾದರೆ ನಟ ನಟಿಯರ ಬಾಯಲ್ಲೇ ಒಂದು ವಾರ ಹೇಳಿಸಿ, ಕಣ್ಣು ಮಂಜಾದವರಿಗೂ ಕೇಳಲಿ.

ತಮ್ಮಲ್ಲೂ ಒಂದು ಕೋರಿಕೆ ಇದೆ. ಯಾವ ಧಾರಾವಾಹಿಗೆ ಎಷ್ಟು ಟಿಆರ್‌ಪಿ ಅಂತ ಕಿರುತೆರೆ ಪುಟದಲ್ಲಿ ಓದುತ್ತಲೇ ಇರುತ್ತೇವೆ. ಅದರ ಪಕ್ಕದಲ್ಲಿ ಈ ವಾರ ಯಾವುದು ಮುಗಿಯುತ್ತದೆ, ಯಾವುದರ ಸಮಯ ಬದಲಾಗಿದೆ ಅಂತ ನಾಲ್ಕು ಸಾಲು ದಪ್ಪ ಅಕ್ಷರದಲ್ಲಿ ಹಾಕಿ. ನಮ್ಮತ್ತೆಯಂಥವರಿಗೆ ಮನೆಯವರು ಓದಿ ಹೇಳುತ್ತಾರೆ.

ಇಂತಿ,
ಒಬ್ಬ ವೀಕ್ಷಕಿ, ತುಮಕೂರು