ಅಪ್ಪನ ಕೆಮ್ಮು, ಕೋಳಿಗೂಡಿನ ಟಾರ್ಪಲ್

ಅಮ್ಮನಿಗೆ ನಮಸ್ಕಾರ. ಅಪ್ಪನಿಗೂ ತಿಳಿಸು. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಪತ್ರ ನಿನ್ನೆ ಸಂಜೆ ಬಂತು. ಓದಿದಾಗಿನಿಂದ ಮನಸ್ಸೆಲ್ಲ ಅಲ್ಲೇ ಇದೆ.

ಚಳಿ ಅಂತ ಅಪ್ಪ ಕೋಳಿಗೂಡಿನ ನಾಲ್ಕೂ ಕಡೆ ಟಾರ್ಪಲ್ ಬಿಗಿದಿದ್ದಾರೆ, ಒಳಗೆ ದೊಡ್ಡ ಬಲ್ಬ್ ತೂಗುಹಾಕಿದ್ದಾರೆ ಅಂತ ಒಂದು ಕಡೆ ಬರೆದಿದ್ದೀಯ. ಎರಡು ಹೇಂಟೆ ಸೀನುತ್ತಿವೆ ಅಂತ ಇನ್ನೊಂದು ಕಡೆ. ಬೆಳಗ್ಗೆ ಗೂಡು ಗುಡಿಸಿ ಬಂದ ಮೇಲೆ ಅಪ್ಪನಿಗೆ ಕೆಮ್ಮು ಜಾಸ್ತಿ ಅಂತ ಕೊನೆಯಲ್ಲಿ, ಸುಮ್ನೆ ಸೇರಿಸಿದ ಹಾಗೆ. ನನಗೇನೋ ಮೂರಕ್ಕೂ ನಂಟಿದೆ ಅನ್ನಿಸುತ್ತಿದೆ. ಆ ಟಾರ್ಪಲ್ ಇವತ್ತೇ ಮೇಲುಗಡೆ ಒಂದು ಗೇಣು ಬಿಚ್ಚಿಸಮ್ಮ.

ಕೋಳಿ ಒಣ ಚಳಿಯನ್ನು ಚೆನ್ನಾಗಿಯೇ ತಡೆಯುತ್ತದೆ. ಅದರ ಮೈಬಿಸಿ 41 ಡಿಗ್ರಿಯ ಆಸುಪಾಸು. ಪುಕ್ಕ ಉಬ್ಬಿಸಿ ಕೂತರೆ ಒಳಗೆ ನಿಂತ ಗಾಳಿಯೇ ಅದಕ್ಕೆ ಕಂಬಳಿ. ಅದಕ್ಕೆ ಆಗದೇ ಇರುವುದು ತೇವ. ರಾತ್ರಿಯಿಡೀ ಬಿಟ್ಟ ಉಸಿರಿನ ಆವಿಯೂ ಹಿಕ್ಕೆಯಲ್ಲಿರುವ ನೀರೂ ಹೊರಗೆ ಹೋಗಲು ದಾರಿ ಬೇಕು. ದಾರಿ ಇಲ್ಲದಿದ್ದರೆ ಕೆಳಗಿನ ಹೊಟ್ಟು ಒದ್ದೆಯಾಗಿ, ಹಿಕ್ಕೆ ಕೊಳೆತು ಅಮೋನಿಯಾ ಏಳುತ್ತದೆ. ಅದರಿಂದ ಕಣ್ಣು ಉರಿಯುತ್ತದೆ, ಎದೆಯೂ ಕೆಡುತ್ತದೆ. ಕೋಳಿಗೂ ಅಷ್ಟೇ, ಗುಡಿಸುವವರಿಗೂ ಅಷ್ಟೇ. ನಿಂತವರಿಗೆ ಅಷ್ಟು ವಾಸನೆ ಬರುವುದಿಲ್ಲ. ಶಂಕ್ರಣ್ಣನಿಗೆ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಕುಕ್ಕರಗಾಲಲ್ಲಿ ಕೂತು ಮೂಸಿ ನೋಡಲು ಹೇಳು. ಕಣ್ಣು ಚುರುಗುಟ್ಟಿದರೆ, ತಗಡಿನ ಒಳಬದಿಯಲ್ಲಿ ನೀರಹನಿ ಇದ್ದರೆ, ಗಾಳಿ ಸಾಲದು ಅಂತಲೇ ಅರ್ಥ. ಗಾಳಿಕಂಡಿ ಕೋಳಿ ಕೂರುವ ಅಡ್ಡಪಟ್ಟಿಗಿಂತ ಮೇಲಿರಬೇಕು. ಆಗ ಆವಿ ಹೊರಗೆ ಹೋಗುತ್ತದೆ, ಗಾಳಿ ನೇರವಾಗಿ ಮೈಗೆ ಬಡಿಯುವುದಿಲ್ಲ.

'ಅಷ್ಟು ಹಿಮದಲ್ಲಿ ನಿನ್ನ ಕೋಳಿಗಳು ಹೇಗಮ್ಮಾ ಬದುಕುತ್ತವೆ' ಅಂತ ಕೇಳಿದ್ದೀಯ. ಹೀಗೇ ಬದುಕುತ್ತವೆ. ನಮ್ಮ ಗೂಡಲ್ಲಿ ಹೀಟರ್ ಇಲ್ಲ. ಮೇಲೆ ಗಾಳಿಕಂಡಿ, ಕೆಳಗೆ ದಪ್ಪಗೆ ಒಣ ಮರದ ಹೊಟ್ಟು. ಅಡ್ಡಪಟ್ಟಿ ಅಗಲವಾಗಿ ಚಪ್ಪಟೆಯಾಗಿದೆ. ಅದರ ಮೇಲೆ ಕೂತರೆ ಹೊಟ್ಟೆಯ ಪುಕ್ಕ ಕಾಲ್ಬೆರಳನ್ನು ಪೂರ್ತಿ ಮುಚ್ಚುತ್ತದೆ. ಸಂಜೆ ಒಂದು ಹಿಡಿ ಮೆಕ್ಕೆಜೋಳ ಹಾಕುತ್ತೇನೆ. ಅದು ರಾತ್ರಿ ಅರಗುವಾಗ ಮೈ ಬೆಚ್ಚಗಿರುತ್ತದೆ. ಕಷ್ಟ ನೀರಿನದ್ದೇ, ಬಟ್ಟಲಲ್ಲೇ ಕಲ್ಲಾಗಿಬಿಡುತ್ತದೆ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬದಲಾಯಿಸುತ್ತೇನೆ. ದಪ್ಪ ಜಾಕೆಟ್, ಟೋಪಿ, ಗ್ಲೌಸ್ ಎಲ್ಲ ಹಾಕಿಕೊಂಡೇ ಹೋಗುತ್ತೇನೆ, ನನ್ನ ಚಿಂತೆ ನಿನಗೆ ಬೇಡ. ಹಿಮದ ಮೇಲೆ ಅವು ಕಾಲಿಡಲು ಹಿಂಜರಿಯುತ್ತವೆ. ಬಾಗಿಲ ಮುಂದೆ ಹುಲ್ಲು ಹರಡಿದರೆ ಒಂದೊಂದಾಗಿ ಇಳಿಯುತ್ತವೆ.

ಇಲ್ಲಿ ಕೆಲವರು ಕೋಳಿಗೆ ಸ್ವೆಟರ್ ಹೆಣೆದು ತೊಡಿಸುತ್ತಾರೆ ಗೊತ್ತಾ! ನಾನು ಹಾಕುವುದಿಲ್ಲ. ಪುಕ್ಕ ಉಬ್ಬಿಸಲು ಆಗದಿದ್ದರೆ ಇದ್ದ ಬಿಸಿಯೂ ಹೋಗುತ್ತದೆ. ಅದಕ್ಕಿಂತ ದೊಡ್ಡ ಕೆಲಸವನ್ನು ಕೆನಡಾದ ಕ್ವಿಬೆಕ್‌ನಲ್ಲಿ ಬ್ರದರ್ ವಿಲ್‌ಫ್ರಿಡ್ ಅನ್ನುವ ಸನ್ಯಾಸಿ ಮಾಡಿದ್ದಾರೆ. ಕಡುಚಳಿಯಲ್ಲಿ ಕೋಳಿಯ ಜುಟ್ಟಿನ ತುದಿ ಕಪ್ಪಾಗಿ ಸತ್ತುಹೋಗುತ್ತದೆ. ಗೂಡಲ್ಲಿ ತೇವ ಇದ್ದರೆ ಇನ್ನೂ ಬೇಗ. ಅದಕ್ಕೆ ಅವರು ವರ್ಷಗಟ್ಟಲೆ ತಳಿ ಬೆರೆಸಿ, ಜುಟ್ಟು ಬರೀ ಗುಬ್ಬಟೆಯಷ್ಟೇ ಇರುವ ಶಾಂಟೆಕ್ಲೇರ್ ಅನ್ನುವ ಕೋಳಿಯನ್ನು ತಯಾರು ಮಾಡಿದರು. 1921ರಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. ಅಪ್ಪನಿಗೆ ಇದನ್ನು ಓದಿ ಹೇಳು, ಖುಷಿಪಡುತ್ತಾರೆ.

ಆ ಬಲ್ಬನ್ನೂ ತೆಗೆಸು. ಕೋಳಿ ರೆಕ್ಕೆ ಬಡಿದು ಅದು ಒಣ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿಯೇ. ಇಲ್ಲಿ ಗೂಡುಗಳು ಸುಟ್ಟುಹೋಗುವುದು ಹೆಚ್ಚಾಗಿ ಹೀಗೇ. ಮರಿಗಳ ಮಾತು ಬೇರೆ. ಅವಕ್ಕೆ ಮೊದಲ ವಾರ 32ರಿಂದ 35 ಡಿಗ್ರಿ ಬಿಸಿ ಬೇಕೇ ಬೇಕು. ಬೆಳೆದ ಕೋಳಿಗೆ ಬೇಡ. ಮೊಟ್ಟೆ ಕಡಿಮೆಯಾಗಿರುವುದಕ್ಕೆ ಹಗಲು ಚಿಕ್ಕದಾಗಿರುವುದೂ ಒಂದು ಕಾರಣ, ಗಾಬರಿ ಬೇಡ. ಸೀನುವ ಎರಡನ್ನು ಮಾತ್ರ ಬೇರೆ ಇಡಿ. ಮೂಗಲ್ಲಿ ಸೋರಿದರೆ, ಮುಖ ಊದಿದರೆ ಪಶುವೈದ್ಯರನ್ನು ಕರೆಸಿ.

ಅಪ್ಪ ಇನ್ನು ಗೂಡು ಗುಡಿಸುವುದು ಬೇಡ. ಶಂಕ್ರಣ್ಣ ಗುಡಿಸಲಿ, ಅವನೂ ಮಾಸ್ಕ್ ಹಾಕಿಕೊಂಡೇ ಗುಡಿಸಲಿ. ಒಣ ಹಿಕ್ಕೆಯ ಧೂಳು ಒಳ್ಳೆಯದಲ್ಲ. ಟಾರ್ಪಲ್ ಬಿಚ್ಚಿದ ಮೇಲೆ ಕೆಮ್ಮು ತಾನೇ ಹೋಗುತ್ತದೆ ಅಂತ ಕೂರಬೇಡಿ. ಎರಡು ವಾರ ದಾಟಿದ ಕೆಮ್ಮನ್ನು ಡಾಕ್ಟರಿಗೆ ತೋರಿಸಲೇಬೇಕು, ಕಫ ಪರೀಕ್ಷೆ, ಎಕ್ಸ್‌ರೇ ಏನು ಹೇಳಿದರೂ ಮಾಡಿಸಬೇಕು. ಕೋಳಿಗೂಡಲ್ಲಿ ಕೆಲಸ ಮಾಡುತ್ತೇನೆ ಅಂತ ಅಪ್ಪ ಬಾಯಿಬಿಟ್ಟು ಹೇಳಲಿ. ಅವರು ಹೇಳುವುದಿಲ್ಲ, ನೀನೇ ಜೊತೆಗೆ ಹೋಗು. ಖರ್ಚಿನ ಯೋಚನೆ ಮಾಡಬೇಡ, ನಾನಿದ್ದೇನೆ. ಏನೂ ಆಗಿರುವುದಿಲ್ಲಮ್ಮ, ಖಂಡಿತ ಏನೂ ಆಗಿರುವುದಿಲ್ಲ. ಆದರೂ ತೋರಿಸಿ.

ಬಸ್ಸಿಗೆ ಹೊತ್ತಾಯಿತು. ಪುಟ್ಟಿಗೆ ಬೇರೆ ಬರೆಯುತ್ತೇನೆ. ಡಾಕ್ಟರ್ ಏನಂದರು ಅಂತ ಅವತ್ತೇ ಫೋನ್ ಮಾಡು, ನಡುರಾತ್ರಿ ಆದರೂ ಪರವಾಗಿಲ್ಲ.

ನಿನ್ನ,
ಸುಮಾ